ಜನಸಾಗರಕ್ಕೂ ಕೋಡಿ ಬೇಕು

‘ಜನ ಮರುಳೋ, ಜಾತ್ರೆ ಮರುಳೋ’ ಎಂಬುದು ಹಳೆಯ ಗಾದೆ. ಜನ ಒಂದೆಡೆ ಗುಂಪುಗೂಡಿದರೆ ವಿವೇಕವು ಅಲ್ಲಿಂದ ಕಾಲ್ತೆಗೆಯುತ್ತದೆಂಬುದು ಅದರ ಇಂಗಿತ. ಗಾದೆಯು ವೇದಕ್ಕೆ ಸಮಾನವೆನ್ನುವುದುಂಟು. ಆದರೂ ಬೆಂಗಳೂರಿನಂಥ ಮಹಾನಗರದ ಸಭಾಂಗಣ, ಸಂಗೀತದ ಚಪ್ಪರ, ಕ್ರೀಡಾಂಗಣಗಳ ಚರಿತ್ರೆಯನ್ನು ತಿಳಿದವರಿಗೆ ಈ ಗಾದೆಯ ವಿಷಯದಲ್ಲಿ ಸಂದೇಹ ಮೂಡದೆ ಇರದು. ಅದೇ ಊರಿನ ಅದೇ ಜನ ಒಂದು ದಿನ ಸಾವಿರಗಟ್ಟಲೆಯಾಗಿ ನೆರೆದು, ಹಾಡು ಕೇಳಿ, ಆಟ ನೋಡಿ, ಆನಂದಪಟ್ಟು ಸುಖವಾಗಿ ಮನೆಗೆ ಮರಳುತ್ತಾರೆ. ಇನ್ನೊಂದು ದಿನ ಅಂಥದೇ ನೆರವಿಯಲ್ಲಿ ತಾಯಿತಂದೆಯರು ಮಕ್ಕಳನ್ನು ಕಳೆದುಕೊಳ್ಳುತ್ತಾರೆ. ಮರುಳು ಜನರದೋ, ಜಾತ್ರೆಯದೋ, ಅಥವಾ ಜಾತ್ರೆಯ ಅಂಗಳವನ್ನು ಅಣಿಗೊಳಿಸಿದವರದೋ ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಅವಶ್ಯ.

ಕೊನೆಯ ಸಾಲಿನ ಶ್ರೋತೃ

ಬೆಂಗಳೂರಿನ ಪೌರರು ಒಂದೆಡೆ ಕಲೆತು ಕುಳಿತುಕೊಳ್ಳುವುದನ್ನು ಕಲಿತ ಸ್ಥಳಗಳಲ್ಲಿ ಸಂಗೀತದ ವೇದಿಕೆಗೆ ಅಗ್ರಸ್ಥಾನ ಸಲ್ಲಬೇಕು. 1905ರಲ್ಲಿ ಬೆಂಗಳೂರು ಗಾಯನ ಸಮಾಜ ಸ್ಥಾಪನೆಯಾಯಿತು. 1933ರಲ್ಲಿ ಶಂಕುಸ್ಥಾಪನೆಗೊಂಡ ಪುರಭವನವು 1935ರಲ್ಲಿ ಬಾಗಿಲು ತೆರೆಯಿತು. ಎತ್ತರವಾದ ಸೋಪಾನಗಳೂ ಸಾಲುಗಂಬಗಳೂ ಉಳ್ಳ ಆ ಭವ್ಯ ಮಂದಿರವು ಸರ್ ಕೆ. ಪಿ. ಪುಟ್ಟಣ್ಣಚೆಟ್ಟರ ಹೆಸರನ್ನು ಹೊತ್ತು ನಿಂತಿದೆ. 1939ರಲ್ಲಿ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಶ್ರೀರಾಮಸೇವಾ ಮಂಡಳಿಯನ್ನು ಸ್ಥಾಪಿಸಿದರು. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಆ ಮಂಡಳಿಯು ಹಾಕಿಸಿದ ರಾಮನವಮಿಯ ಚಪ್ಪರದಲ್ಲಿ ಚೆಂಬೈ ವೈದ್ಯನಾಥ ಭಾಗವತರು, ಎಂ. ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಮೊದಲಾದ ಮಹಾವಿದ್ವಾಂಸರು ಹಾಡಿದ್ದಾರೆ. ಚೀಟಿ ಕೊಂಡವರು ಒಳಗೆ ಕುಳಿತರೆ, ಕೊಳ್ಳಲಾರದವರು ಹೊರಗೆ ರಸ್ತೆಯ ಬದಿಯಲ್ಲಿ ಕುಳಿತು ಕೇಳಿದರು. ನಾದಕ್ಕೆ ಬೇಲಿ ಇಲ್ಲದ್ದರಿಂದ ಒಳಗಿನವರಿಗಾದ ತೃಪ್ತಿಯೇ ಹೊರಗಿನವರಿಗೂ ಆಯಿತು. ನುಗ್ಗುವ ಕಾರಣವಿಲ್ಲದ ಕಡೆ ನೂಕುನುಗ್ಗಲೂ ಇರುವುದಿಲ್ಲ.

ಇಲ್ಲಿ ಪಿಟೀಲು ಚೌಡಯ್ಯನವರ ಸಂಗತಿಯನ್ನು ನೆನೆಯಬೇಕು. 1895ರಲ್ಲಿ ಜನಿಸಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಈ ಮೈಸೂರಿನ ವಿದ್ವಾಂಸರು ಕಚೇರಿ ಮಾಡತೊಡಗಿದ ಕಾಲದಲ್ಲಿ ಧ್ವನಿವರ್ಧಕವೆಂಬುದು ವೇದಿಕೆಗೆ ಬಂದಿರಲಿಲ್ಲ. ಹಾಡುಗಾರರ ತುಂಬುಕಂಠದ ಜೊತೆಯಲ್ಲಿ ನಾಲ್ಕು ತಂತಿಯ ಪಿಟೀಲಿನ ಸಣ್ಣ ದನಿ ಹಿಂದೆ ಕುಳಿತವರನ್ನು ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಮುಂದಿನ ಸಾಲಿನ ಶ್ರೀಮಂತರ ತಲೆದೂಗುವಿಕೆಯಿಂದ ತೃಪ್ತರಾಗಲಿಲ್ಲ. ವಾದ್ಯಕ್ಕೆ ಮತ್ತೆ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಢಿಸಿ, ನಾದವನ್ನು ಕೊನೆಯ ಸಾಲಿನವರೆಗೆ ಕೊಂಡೊಯ್ದರು. ಅವರು 1967ರಲ್ಲಿ ತೀರಿಕೊಂಡರು. ಅವರ ನೆನಪಿಗಾಗಿ ಕೆ. ಕೆ. ಮೂರ್ತಿಯವರ ಸಾಹಸದಿಂದ ನಿರ್ಮಾಣವಾಗಿ 1980ರ ನವೆಂಬರಿನಲ್ಲಿ ಆರಂಭವಾದ ಚೌಡಯ್ಯ ಸ್ಮಾರಕ ಭವನ, ಕಟ್ಟಡವೇ ಪಿಟೀಲಿನ ಆಕಾರದಲ್ಲಿದ್ದು, ಸಾವಿರಕ್ಕೂ ಮೇಲ್ಪಟ್ಟ ಶ್ರೋತೃಗಳಿಗೆ ಆಸನವಿತ್ತಿದೆ. ಆಕಾರದ ಚಮತ್ಕಾರವನ್ನು ನೋಡಿ ಬೆರಗಾಗುವವರು ಬಹುಮಂದಿ. ಆ ಮಹನೀಯರ ಮನಸ್ಸು ಎಂದೂ ಕೊನೆಯ ಸಾಲಿನಲ್ಲಿತ್ತೆಂಬುದನ್ನು ನೆನೆಯುವವರು ವಿರಳ.

ನಾಟಕದ ಮಂದಿರಗಳೂ ಈ ಪಾಠವನ್ನು ತಮ್ಮ ರೀತಿಯಲ್ಲಿ ಕಲಿಸಿವೆ. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಸ್ಮರಣಾರ್ಥವಾಗಿ ಕಟ್ಟಿಸಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ಉದ್ಘಾಟನೆಯಾಯಿತು. ಅದರ ಹಿಂಭಾಗದ ಬಯಲಿನಲ್ಲಿ 1972ರಲ್ಲಿ ಬಿ. ವಿ. ಕಾರಂತರು ಆಡಿಸಿದ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ನಾಟಕಗಳು ಕನ್ನಡ ರಂಗಭೂಮಿಗೆ ಹೊಸ ದಾರಿಯನ್ನು ತೋರಿಸಿದವು. ಶಂಕರನಾಗರ ಕನಸನ್ನು ಅರುಂಧತಿ ನಾಗರು ನನಸಾಗಿಸಿದ ರಂಗಶಂಕರ 2004ರಲ್ಲಿ ಆರಂಭವಾದಾಗ, ಆಟ ಶುರುವಾದ ಮೇಲೆ ಬಂದವರಿಗೆ, ಅವರು ಎಷ್ಟೇ ದೊಡ್ಡವರಾಗಲಿ, ಬಾಗಿಲು ತೆರೆಯದೆಂಬ ನಿಯಮವನ್ನು ಜಾರಿಗೆ ತಂದಿತು. ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ಅದನ್ನು ಮೊದಲೇ ಹೇಗೆ ತಿಳಿಸಬೇಕು ಎಂಬುದು ಸಣ್ಣ ಮಾತೆಂದು ತೋರಬಹುದು. ಆದರೆ ಮುನ್ನೂರು ಜನರ ರಂಗಮಂದಿರದಲ್ಲಿ ಶಿಸ್ತಿನ ವಿಷಯವಾಗಿರುವುದು ಲಕ್ಷ ಜನರ ಕ್ರೀಡಾಂಗಣದ ಬಳಿ ಪ್ರಾಣದ ವಿಷಯವಾಗುತ್ತದೆ.

ಕೆರೆಯಂಗಳವೇ ಆಟದಂಗಳ

ಸಂಗೀತಕ್ಕೆ ಛಾವಣಿ ಬೇಕು. ಆಟಕ್ಕೆ ಬಯಲು ಬೇಕು. ಬೆಂಗಳೂರಿಗೆ ಆ ಬಯಲು ಬಹುಮಟ್ಟಿಗೆ ದೊರೆತದ್ದು ಕೆರೆಗಳಿಂದ. 1894ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಹರಿದುಬಂದ ಮೇಲೆ ಊರೊಳಗಿನ ಕೆರೆಗಳ ಅವಶ್ಯಕತೆ ಕಡಿಮೆಯಾಯಿತು. ಕಾಲಕ್ರಮದಲ್ಲಿ ಅವು ಬತ್ತಿದವು, ಕೆಲವನ್ನು ಬತ್ತಿಸಿದರು. ಸಂಪಂಗಿ ಕೆರೆಯ ಅಂಗಳದಲ್ಲಿ ಶ್ರೀ ಕಂಠೀರವ ಕ್ರೀಡಾಂಗಣ ಎದ್ದಿತು. ಶೂಲೆ ಕೆರೆಯಿದ್ದ ಕಡೆ ಫುಟ್‌ಬಾಲ್ ಕ್ರೀಡಾಂಗಣವೂ, ಅಕ್ಕಿತಿಮ್ಮನಹಳ್ಳಿಯ ಕೆರೆಯಿದ್ದ ಕಡೆ ಹಾಕಿ ಕ್ರೀಡಾಂಗಣವೂ ಆದವು. ಕೋರಮಂಗಲದ ಕೆರೆಯೊಂದರ ನೆಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿಗಳು ಮೇಲೆದ್ದವು. ಕಂಠೀರವದ ಬದಿಯಲ್ಲಿ ಸಣ್ಣದೊಂದು ಕೊಳ ಮಾತ್ರ ಕರಗದ ವಿಧಿಗಾಗಿ ಉಳಿದುಕೊಂಡು, ಇಲ್ಲಿ ಒಂದು ಕೆರೆಯಿತ್ತೆಂದು ಸಾಕ್ಷಿ ಹೇಳುತ್ತಿದೆ.

ಹಿಂದಿನವರು ಕೆರೆ ಕಟ್ಟುವಾಗ ಮೂರು ಅಂಗಗಳನ್ನು ಮರೆಯುತ್ತಿರಲಿಲ್ಲ. ನೀರನ್ನು ತಡೆದು ನಿಲ್ಲಿಸಲು ಏರಿ. ಬೇಕಾದಷ್ಟು ನೀರನ್ನು ಗದ್ದೆಗೆ ಬಿಡಲು ತೂಬು. ಮಿಕ್ಕಿ ಬಂದ ನೀರು ಏರಿಯನ್ನು ಒಡೆಯದೆ ತಾನಾಗಿ ಹರಿದುಹೋಗಲು ಕೋಡಿ. ಮಳೆ ಎಷ್ಟು ಬಂದೀತೆಂದು ಯಾರೂ ಹೇಳಲಾರರು. ಆದ್ದರಿಂದಲೇ ಕೋಡಿಯನ್ನು ಬಿಟ್ಟು ಕೆರೆಯನ್ನು ಕಟ್ಟುತ್ತಿದ್ದರು. ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆ ಊರೇ ಹಿಗ್ಗಿ ಬಾಗಿನ ಅರ್ಪಿಸುತ್ತಿತ್ತು. ಅದು ಸಮೃದ್ಧಿಯ ಚಿಹ್ನೆಯಾಗಿತ್ತೇ ಹೊರತು ಅಪಾಯದ್ದಾಗಿರಲಿಲ್ಲ. ಕೆರೆಗಳ ಜಾಗದಲ್ಲಿ ಕ್ರೀಡಾಂಗಣಗಳನ್ನು ಕಟ್ಟಿದವರು ನೆಲವನ್ನೇನೋ ಪಡೆದರು. ಕೋಡಿಯ ಬುದ್ಧಿಯನ್ನು ಪಡೆದರೇ ಎಂಬುದು ವಿಚಾರಾರ್ಹ.

ಹಸುರು ಅಂಗಳದ ವೈಭವ

ನಗರದ ಕ್ರೀಡಾಂಗಣಗಳಲ್ಲಿ ಹೆಚ್ಚು ಪ್ರಖ್ಯಾತವಾದ ಕ್ರಿಕೆಟ್ ಅಂಗಳವು ಕೆರೆಯ ಮೇಲೆ ನಿಂತದ್ದಲ್ಲ; ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆಗಳ ಮಗ್ಗುಲಲ್ಲಿ ಇರುವಂಥದು. 1970ರಲ್ಲಿ ಶಂಕುಸ್ಥಾಪನೆಯಾದ ಈ ಕ್ರೀಡಾಂಗಣಕ್ಕೆ ಮುಂದೆ ಮಂಡ್ಯದ ಎಂ. ಚಿನ್ನಸ್ವಾಮಿಯವರ ಹೆಸರನ್ನಿಟ್ಟರು. ಅವರು ವೃತ್ತಿಯಿಂದ ವಕೀಲರು. ರಾಜ್ಯದ ಕ್ರಿಕೆಟ್ ಸಂಸ್ಥೆಗಾಗಿ ದೀರ್ಘಕಾಲ ದುಡಿದು, 1977ರಿಂದ 1980ರವರೆಗೆ ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದವರು.

ಈ ಅಂಗಳದ ನೆನಪುಗಳು ಒಂದೆರಡಲ್ಲ. ಸತತವಾಗಿ 15 ವರ್ಷ ರಣಜಿ ಪ್ರಶಸ್ತಿಯನ್ನು ಕೈಬಿಡದಿದ್ದ ಬೊಂಬಾಯಿ ತಂಡವನ್ನು 1974ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕ ತಂಡವು ಇಲ್ಲಿಯೇ ಹಿಂದಿಕ್ಕಿ, ಮುಂದೆ ಪ್ರಥಮ ಬಾರಿಗೆ ಆ ಪ್ರಶಸ್ತಿಯನ್ನು ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಇಲ್ಲಿ ನಡೆದ ಮೊದಲ ಟೆಸ್ಟ್ ಪಂದ್ಯದಲ್ಲಿ ವಿವ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಜಗತ್ತಿಗೆ ಪಾದಾರ್ಪಣ ಮಾಡಿದರು. ಗಾವಸ್ಕರರು ತಮ್ಮ ಕಟ್ಟಕಡೆಯ ಟೆಸ್ಟ್ ಸರದಿಯಲ್ಲಿ 96 ಓಟಗಳನ್ನು ಗಳಿಸಿದ್ದು 1987ರಲ್ಲಿ ಇದೇ ನೆಲದಲ್ಲಿ. 1996ರ ವಿಶ್ವಕಪ್ಪಿನಲ್ಲಿ ಹೊನಲು ಬೆಳಕಿನಡಿ ವೆಂಕಟೇಶ ಪ್ರಸಾದರು ಆಮೀರ್ ಸೊಹೇಲರ ಗೂಟವನ್ನು ಉರುಳಿಸಿದಾಗ ಎದ್ದ ಜಯಘೋಷವನ್ನು ಅಂದು ಅಲ್ಲಿದ್ದವರು ಮರೆತಿರಲಾರರು.

ಮೈದಾನದ ಹುಲ್ಲಿಗೆ ಇಲ್ಲಿ ದೊರೆತ ಆರೈಕೆಯೂ ಅಸಾಧಾರಣ. ಮಳೆ ಬಂದರೆ ನೆಲದಡಿಯ ಕೊಳವೆಗಳ ಜಾಲದ ಮೂಲಕ ನೀರನ್ನು ಯಂತ್ರವೇ ಹೀರಿ ಹೊರಹಾಕಿ, ಅಲ್ಪಕಾಲದಲ್ಲಿ ಆಟಕ್ಕೆ ನೆಲವನ್ನು ಅಣಿಮಾಡುವ ಏರ್ಪಾಡನ್ನು ಜಗತ್ತಿನ ಕ್ರಿಕೆಟ್ ಅಂಗಳಗಳಲ್ಲಿ ಮೊದಲು ಅಳವಡಿಸಿಕೊಂಡ ಕೀರ್ತಿ ಇದರದು. ಮಳೆಯ ನೀರಿಗೆ ಹೀಗೆ ಕೋಡಿ ಒದಗಿತು. ಜನರ ಹೊನಲಿಗೆ ಒದಗಿತೇ?

2025ರ ಜೂನ್ 4

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ತಂಡವನ್ನು 6 ಓಟಗಳಿಂದ ಸೋಲಿಸಿ, 18 ಋತುಗಳ ನಿರೀಕ್ಷೆಯ ನಂತರ ಐ. ಪಿ. ಎಲ್. ಪ್ರಶಸ್ತಿಯನ್ನು ಮೊದಲ ಬಾರಿಗೆ ಪಡೆಯಿತು. ಇರುಳೆಲ್ಲ ಬೆಂಗಳೂರಿನ ಬೀದಿಗಳಲ್ಲಿ ಪಟಾಕಿ ಸಿಡಿಯಿತು. ಮರುದಿನವೇ ವಿಧಾನಸೌಧದ ಮುಂದೆ ಸನ್ಮಾನವೆಂದೂ, ಅನಂತರ ಕ್ರೀಡಾಂಗಣದಲ್ಲಿ ವಿಜಯೋತ್ಸವವೆಂದೂ ಸುದ್ದಿ ಹಬ್ಬಿತು. ಕ್ರೀಡಾಂಗಣದ ಆಸನಗಳು ಸುಮಾರು 35,000. ಬಂದವರು 2 ಲಕ್ಷಕ್ಕೂ ಮೇಲೆ ಎಂದು ಸರ್ಕಾರವೇ ಅನಂತರ ತಿಳಿಸಿತು. ಒಳಗೆ ಹೋಗಲು ಯಾರಿಗೆ ಅವಕಾಶ, ಎಲ್ಲಿಂದ, ಯಾವಾಗ ಎಂಬುದು ಹೊರಗೆ ನಿಂತವರಿಗೆ ಸ್ಪಷ್ಟವಾಗಿರಲಿಲ್ಲ. ಕೆಲವು ದ್ವಾರಗಳ ಬಳಿ ಒತ್ತಡ ಮಿತಿ ಮೀರಿತು. 11 ಮಂದಿ ಅಸುನೀಗಿದರು. 50ಕ್ಕೂ ಹೆಚ್ಚು ಜನ ಗಾಯಗೊಂಡರು. ಮೃತರಲ್ಲಿ ಬಹುಮಂದಿ ಯುವಜನರು. ಹದಿಹರೆಯ ದಾಟದವರೂ ಇದ್ದರು. ಬೆಳಗ್ಗೆ ನಗುತ್ತ ಮನೆಯಿಂದ ಹೊರಟ ಮಕ್ಕಳು ಸಂಜೆಗೆ ಆಸ್ಪತ್ರೆಯ ಶವಾಗಾರದಲ್ಲಿದ್ದರು.

ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹ ಅವರ ಏಕಸದಸ್ಯ ಆಯೋಗವು ಅದೇ ವರ್ಷದ ಜುಲೈ ತಿಂಗಳಲ್ಲಿ ವರದಿ ಸಲ್ಲಿಸಿತು. ಕ್ರೀಡಾಂಗಣದ ರಚನೆಯೇ ಬೃಹತ್ ಜನಸಂದಣಿಗೆ ಒಗ್ಗದು, ಸುರಕ್ಷಿತವಲ್ಲ ಎಂದು ಅದು ಅಭಿಪ್ರಾಯಪಟ್ಟಿತು. ದ್ವಾರಗಳು ನೇರವಾಗಿ ಕಾಲುದಾರಿಗೂ ರಸ್ತೆಗೂ ತೆರೆದುಕೊಳ್ಳುತ್ತವೆ. ಸಾಲುಗಟ್ಟಿ ನಿಲ್ಲಲು ಪ್ರತ್ಯೇಕ ಸ್ಥಳವಿಲ್ಲ. ಇನ್ನು ಮುಂದೆ ದೊಡ್ಡ ಸಮಾರಂಭಗಳನ್ನು ನಡೆಸುವ ಎಡೆಗಳಲ್ಲಿ ರಸ್ತೆಯಿಂದ ಬೇರ್ಪಟ್ಟ ಪ್ರವೇಶ ನಿರ್ಗಮನಗಳು, ಸಾಲು ನಿಲ್ಲುವ ಅಂಗಳ, ಸಾರಿಗೆಯ ಸಂಪರ್ಕ, ಆಪತ್ತಿನಲ್ಲಿ ಜನರನ್ನು ಹೊರಗೆ ಕಳಿಸುವ ಯೋಜನೆ ಇರಬೇಕೆಂದು ಅದು ಸೂಚಿಸಿತು. ಆ ವರ್ಷ ಇಲ್ಲಿ ನಡೆಯಬೇಕಾಗಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿಮುಂಬಯಿಗೆ ವರ್ಗವಾದವು. ಆಯೋಗವು ಸರಳಭಾಷೆಯಲ್ಲಿ ಹೇಳಿದ್ದು ಇಷ್ಟೇ: ಇಲ್ಲಿ ಏರಿ ಇದೆ, ತೂಬು ಇದೆ, ಕೋಡಿ ಇಲ್ಲ.

‘ಕಾಲ್ತುಳಿತ’ ಎಂಬ ಮಾತು

ಇಂಥ ದುರಂತಗಳಿಗೆ ‘ಕಾಲ್ತುಳಿತ’ ಎಂಬ ಮಾತು ರೂಢಿಯಾಗಿದೆ. ಮಾತು ಚಿಕ್ಕದಾದರೂ ಅದರೊಳಗೆ ಒಂದು ತೀರ್ಪು ಅಡಗಿದೆ. ಯಾರೋ ವಿವೇಕಶೂನ್ಯರಾಗಿ ಓಡಿದರು, ಇನ್ನಾರನ್ನೋ ತುಳಿದರು ಎಂಬ ಚಿತ್ರವನ್ನು ಅದು ಕಣ್ಣಮುಂದೆ ತಂದು ನಿಲ್ಲಿಸುತ್ತದೆ. ಆದರೆ ಜನಸಂದಣಿಯ ಶಾಸ್ತ್ರವನ್ನು ಬಲ್ಲವರು ಹೇಳುವುದು ಬೇರೆ. ಒಂದು ಚದರ ಮೀಟರ್ ಸ್ಥಳದಲ್ಲಿ ಐದಾರು ಜನಕ್ಕಿಂತ ಹೆಚ್ಚಾಗಿ ಒತ್ತಿದರೆ, ಆ ಗುಂಪಿನಲ್ಲಿ ಯಾರೂ ತಮ್ಮ ಇಚ್ಛೆಯಂತೆ ಹೆಜ್ಜೆಯಿಡಲಾರರು. ಗುಂಪು ನೀರಿನಂತೆ ತೂಗಾಡತೊಡಗುತ್ತದೆ. ಹಿಂದಿನವರ ಒಂದು ಸಣ್ಣ ತಳ್ಳು ಮುಂದಿನವರನ್ನು ಮುಟ್ಟುವ ವೇಳೆಗೆ ಅಲೆಯಾಗಿರುತ್ತದೆ. ಮುಂದೆ ದಾರಿಯಿಲ್ಲವೆಂಬುದು ಹಿಂದಿನವರಿಗೆ ತಿಳಿಯದು. ತಿಳಿಸುವ ಉಪಾಯ ಮುಂದಿನವರಿಗಿಲ್ಲ. ಎದೆಯನ್ನು ಹಿಗ್ಗಿಸಲು ಎಡೆಯಿಲ್ಲದೆ, ನಿಂತಲ್ಲಿಯೇ ಉಸಿರುಕಟ್ಟಿ ಸಾಯುವವರೇ ಹೆಚ್ಚು. ಅಲ್ಲಿ ತುಳಿಯುವ ಕಾಲಿಗಿಂತ ತೆರೆಯದ ಬಾಗಿಲಿನ ದೋಷ ದೊಡ್ಡದು.

ಇದು ಬೆಂಗಳೂರಿನದೇ ದೌರ್ಭಾಗ್ಯವೂ ಅಲ್ಲ. 1989ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ನೋಡಬಂದವರು ಕಂಬಿಗಳ ನಡುವೆ ಸಿಲುಕಿದರು. ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ಪ್ರೇಕ್ಷಕರೇ ಮರುಳಾಟ ಮಾಡಿದರೆಂದು ಅಂದು ಹೊರಿಸಿದ ಆರೋಪ ಸುಳ್ಳೆಂದು ನ್ಯಾಯಪೀಠದ ಮುಂದೆ ಸಿದ್ಧವಾದದ್ದು 2016ರಲ್ಲಿ. ಅಷ್ಟರಲ್ಲಿ 27 ವರ್ಷಗಳು ಕಳೆದಿದ್ದವು. ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಾಯಿತಂದೆಯರು ಆ ಕಳಂಕವನ್ನು ಹೊತ್ತೇ ಮುಪ್ಪಾದರು. ಇದಕ್ಕೆ ಹೋಲಿಸಿದರೆ, ಸುಮಾರು 1,900 ವರ್ಷಗಳ ಹಿಂದೆ ರೋಮಿನ ಕೊಲೋಸಿಯಮ್ಮನ್ನು ಕಟ್ಟಿದವರ ಎಚ್ಚರ ಆಶ್ಚರ್ಯವನ್ನುಂಟುಮಾಡುತ್ತದೆ. ಅದರ ಸುತ್ತಲೂ 80 ಕಮಾನು ಬಾಗಿಲುಗಳು. ಅವುಗಳಲ್ಲಿ 76 ಸಾಮಾನ್ಯ ಜನರಿಗೆ. ಪ್ರತಿಯೊಂದರ ಮೇಲೂ ಅಂಕಿಯನ್ನು ಕೆತ್ತಿದ್ದರು. ಬಂದವನಿಗೆ ತಾನು ಹೊಗಬೇಕಾದ ಬಾಗಿಲು ಯಾವುದೆಂದು ಮೊದಲೇ ತಿಳಿದಿರುತ್ತಿತ್ತು.

ಅದೇ ಊರು, ಅದೇ ಜನ

ಬೆಂಗಳೂರಿಗೆ ಈ ವಿದ್ಯೆ ಬಾರದೆಂದು ಹೇಳುವಂತಿಲ್ಲ. 2006ರ ಏಪ್ರಿಲಿನಲ್ಲಿ ವರನಟ ರಾಜಕುಮಾರರು ತೀರಿಕೊಂಡಾಗ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣಕ್ಕೆ ತಂದರು. ಏರ್ಪಾಡುಗಳು ಜನರ ದುಃಖದ ಪ್ರಮಾಣಕ್ಕೆ ಸಾಲದೆ ಹೋದವು. ಊರಿನಲ್ಲಿ ಗಲಭೆಯೆದ್ದು ಪ್ರಾಣಹಾನಿಯೂ ಆಯಿತು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಪುತ್ರ ಪುನೀತ್ ರಾಜಕುಮಾರರು ಅಕಾಲದಲ್ಲಿ ಮಡಿದಾಗ ಜನರ ದುಃಖವೇನೂ ಕಡಿಮೆಯದಾಗಿರಲಿಲ್ಲ. ಅದೇ ಕಂಠೀರವ, ಅದೇ ಅಭಿಮಾನಿ ಬಳಗ. ಆದರೆ ಈ ಸಲ ದಾರಿಯುದ್ದಕ್ಕೂ ತಡೆಗಂಬಿಗಳಿದ್ದವು. ಸಾಲು ನಿಲ್ಲದೆ ಮುಂದೆ ಸರಿಯುತ್ತಿತ್ತು. ದರ್ಶನಕ್ಕೆ ಹಗಲಿರುಳೂ ಅವಕಾಶವಿತ್ತು. ತನ್ನ ಸರದಿ ಬಂದೇ ಬರುವುದೆಂಬ ನಂಬಿಕೆ ಹುಟ್ಟಿದ ಮೇಲೆ ಲಕ್ಷಾಂತರ ಜನ ಕಣ್ಣೊರೆಸಿಕೊಳ್ಳುತ್ತ ಸಾಗಿಹೋದರು. 15 ವರ್ಷಗಳಲ್ಲಿ ಜನರ ಸ್ವಭಾವ ಬದಲಾಗಿರಲಿಲ್ಲ, ಬದಲಾದದ್ದು ಏರ್ಪಾಡು.

ಅರಮನೆ ಮೈದಾನದ ಪಾಶ್ಚಾತ್ಯ ಸಂಗೀತದ ಕಚೇರಿಗಳನ್ನೂ ಇಲ್ಲಿ ಸ್ಮರಿಸಬಹುದು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ವೃಂದಗಳು ಅಲ್ಲಿ ಹಾಡಿದವು. 2011ರ ಅಕ್ಟೋಬರಿನಲ್ಲಿ ಮೆಟಾಲಿಕ ವೃಂದದ ಕಚೇರಿ ಮೊದಲು ದೆಹಲಿಯ ಬಳಿಯ ಗುರುಗಾಂವಿನಲ್ಲಿ ನಡೆಯಬೇಕಾಗಿತ್ತು. ವೇದಿಕೆಯ ಮುಂದಿನ ತಡೆ ಮುರಿದದ್ದರಿಂದ ಅದು ನಡೆಯಲೇ ಇಲ್ಲ. ಎರಡು ದಿನಗಳ ಅನಂತರ ಬೆಂಗಳೂರಿನಲ್ಲಿ ಅದೇ ವೃಂದ ಅಪಾರ ಜನಸ್ತೋಮದ ಮುಂದೆ ನಿರ್ವಿಘ್ನವಾಗಿ ಹಾಡಿತು. ಆ ಗಾನದ ಅಬ್ಬರ ಹಿರಿಯರಿಗೆ ರುಚಿಸದಿರಬಹುದು. ತರುಣರು ಕ್ಷೇಮವಾಗಿ ಮನೆ ಸೇರಿದರೆಂಬುದು ಎಲ್ಲರಿಗೂ ರುಚಿಸತಕ್ಕ ಸಂಗತಿಯೇ.

ಮುಂದಿನ ಅಂಗಳ

ನಗರದ ದಕ್ಷಿಣಕ್ಕೆ, ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣವನ್ನು ಕಟ್ಟುವ ಯೋಜನೆಗೆ 2025ರ ಆಗಸ್ಟಿನಲ್ಲಿ ಸರ್ಕಾರ ಸಮ್ಮತಿ ನೀಡಿತು. ಅದೇ ತಿಂಗಳು ಬೊಮ್ಮಸಂದ್ರದವರೆಗೆ ಮೆಟ್ರೊ ರೈಲಿನ ಹಳದಿ ಮಾರ್ಗವೂ ತೆರೆಯಿತು. ಎರಡೂ ಸಂತೋಷದ ಸಂಗತಿಗಳೇ. ಆದರೆ 80,000 ಎಂಬ ಅಂಕಿಯನ್ನು ಕೇಳಿದೊಡನೆ ಹೆಮ್ಮೆಪಡುವ ಮೊದಲು, ಅಷ್ಟು ಜನ ಆಟ ಮುಗಿದು ಒಮ್ಮೆಗೇ ಎದ್ದರೆ ಎಷ್ಟು ನಿಮಿಷಗಳಲ್ಲಿ ಹೊರಗೆ ಬರುವರು, ಬಂದವರು ಎಲ್ಲಿ ನಿಲ್ಲುವರು, ರೈಲು ಹಿಡಿಯುವವರೆಗೆ ಮುದುಕರನ್ನೂ ಕೂಸುಗಳನ್ನೂ ಎಲ್ಲಿ ಕೂರಿಸುವರು, ಚೀಟಿಯಿಲ್ಲದೆ ಬಂದವರನ್ನು ಎಷ್ಟು ದೂರದಲ್ಲಿಯೇ ತಡೆದು ನಯವಾಗಿ ಹಿಂದಿರುಗಿಸುವರು ಎಂದು ಪೌರರು ವಿಚಾರಿಸಬೇಕು. ಆಸನಗಳ ಲೆಕ್ಕವನ್ನು ಹೇಳುವ ನಕ್ಷೆಯು ಬಾಗಿಲುಗಳ ಅಗಲವನ್ನೂ ಹೇಳಬೇಕು.

ಸಂಸಾರಸ್ಥರಿಗೂ ಇಲ್ಲಿ ಒಂದಿಷ್ಟು ಕರ್ತವ್ಯವುಂಟು. ಮಕ್ಕಳನ್ನು ಕರೆದುಕೊಂಡು ಆಟಕ್ಕೋ ಕಚೇರಿಗೋ ಹೋದಾಗ, ತಮ್ಮ ಆಸನ ಎಲ್ಲಿದೆಯೆಂದು ಹುಡುಕುವುದಕ್ಕೆ ಮೊದಲು ಹೊರಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುವುದು ಲೇಸು. ಗುಂಪಿನಲ್ಲಿ ಅಗಲಿದರೆ ಎಲ್ಲಿ ಕೂಡಬೇಕೆಂಬುದನ್ನು ಮನೆಯಲ್ಲಿಯೇ ಗೊತ್ತುಮಾಡಿಕೊಂಡಿರಬೇಕು. ಮುಂದೆ ಒತ್ತಡ ಹೆಚ್ಚುತ್ತಿದೆಯೆಂದು ಕಂಡರೆ, ಕೊಂಡ ಚೀಟಿಯ ಹಣ ಹೋದರೆ ಹೋಗಲೆಂದು ಬದಿಗೆ ಸರಿದು ಹಿಂತಿರುಗುವುದರಲ್ಲಿ ಅವಮಾನವೇನೂ ಇಲ್ಲ. ಒತ್ತಡದಲ್ಲಿ ಸಿಕ್ಕಿಕೊಂಡವರು ಎರಡು ತೋಳುಗಳನ್ನೂ ಎದೆಯ ಮುಂದೆ ಮಡಿಸಿ ಹಿಡಿದು ಉಸಿರಿಗೆ ಎಡೆ ಮಾಡಿಕೊಳ್ಳಬೇಕು. ಕೆಳಗೆ ಬಿದ್ದ ವಸ್ತುವಿಗಾಗಿ ಬಗ್ಗಬಾರದು. ಪಕ್ಕದಲ್ಲಿ ಬಿದ್ದವರಿದ್ದರೆ ಸಾಧ್ಯವಾದಷ್ಟು ಬೇಗ ಕೈಕೊಟ್ಟು ಎಬ್ಬಿಸಬೇಕು. ಮಕ್ಕಳಿಗೆ ಇವನ್ನು ಮುಂಚಿತವಾಗಿ ಹೇಳಿಕೊಟ್ಟರೆ ಉತ್ಸವದ ಸಂತೋಷಕ್ಕೆ ಕುಂದು ಬರುವುದಿಲ್ಲ.

ಆದರೆ ಈ ಎಚ್ಚರಿಕೆಗಳು ಕಟ್ಟಿದವರ ಹೊಣೆಯನ್ನು ಜನರ ತಲೆಯ ಮೇಲೆ ಹೊರಿಸಲಾರವು. ಹಾಡು, ನಾಟಕ, ಆಟಗಳಿಗಾಗಿ ಜನ ಸೇರುವುದು ಮರುಳಲ್ಲ. ನಗರವೊಂದು ಬರಿಯ ಮನೆಗಳ ಗುಂಪಾಗದೆ ಊರಾಗುವುದೇ ಅಂಥ ನೆರವಿಯಿಂದ. ಮಳೆ ಹೆಚ್ಚಾಯಿತೆಂದು ಮೋಡವನ್ನು ದೂರುತ್ತ ಕೂರದೆ, ಕೆರೆಯ ಒಂದು ಮಗ್ಗುಲಲ್ಲಿ ಕೋಡಿಯನ್ನು ಇಟ್ಟೇ ಏರಿಯನ್ನು ಎತ್ತರಿಸಿದ ಹಿರಿಯರ ಊರು ಇದು. ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಚೌಡಯ್ಯನವರು ಮೂರು ತಂತಿಗಳನ್ನು ಹೆಚ್ಚಿಗೆ ಕಟ್ಟಿದರು. ಕೊನೆಯ ಸಾಲಿನವನೂ ಕ್ಷೇಮವಾಗಿ ಮನೆ ಮುಟ್ಟಲೆಂದು ಹೊಸ ಅಂಗಳವನ್ನು ಕಟ್ಟುವವರು ಮೂರು ಬಾಗಿಲುಗಳನ್ನು ಹೆಚ್ಚಿಗೆ ಇಡಲಾರರೇ?